ಏಟು ತಿನ್ನುವವಳಿಗೇ ಸಬರ್‌ನ ಉಪದೇಶವೇ?

ಕೆಲವು ವಾರಗಳ ಹಿಂದೆ ನಮ್ಮ ಕಚೇರಿಗೆ ಒಂದು ಪತ್ರ ಬಂತು. ಬರೆದವರು ಒಬ್ಬ ತಂದೆ. ಹೆಸರು, ಊರು ಪ್ರಕಟಿಸಬಾರದೆಂದು ಕೋರಿದ್ದಾರೆ. ಪ್ರಕಟಿಸುವ ಅಗತ್ಯವೂ ಇಲ್ಲ. ಅದು ನಮ್ಮ ಯಾವ ಊರಿನ ಪತ್ರವೂ ಆಗಿರಬಹುದು.

ಅವರ ಮಗಳಿಗೆ ಮದುವೆಯಾಗಿ ಆರು ವರ್ಷ. ಎರಡನೆಯ ವರ್ಷದಿಂದಲೇ ಹೊಡೆತ ಆರಂಭವಾಯಿತು. ಮೊದಲ ಸಲ ಆಕೆ ತವರಿಗೆ ಬಂದಾಗ ಹಿರಿಯರು ಬುದ್ಧಿ ಹೇಳಿ ಕಳುಹಿಸಿದರು. ಎರಡನೆಯ ಸಲ ಜಮಾಅತ್ ಕಮಿಟಿಯ ಮುಂದೆ ಪಂಚಾಯಿತಿ ನಡೆಯಿತು. ಇನ್ನು ಮುಂದೆ ಹೀಗಾಗದೆಂದು ಅಳಿಯ ಮುಚ್ಚಳಿಕೆ ಬರೆದುಕೊಟ್ಟ. ನ್ಯಾಯ ಸಮತೋಲನದಲ್ಲಿರಲಿ ಎಂದೋ ಏನೋ, ಪತಿಯ ಮಾತು ಮೀರುವುದಿಲ್ಲವೆಂದು ಮಗಳಿಂದಲೂ ಬರೆಸಿಕೊಳ್ಳಲಾಯಿತು. ಮೂರನೆಯ ಸಲವೂ ಅದೇ ಮೇಜು, ಅದೇ ಮುಚ್ಚಳಿಕೆ. ನಾಲ್ಕನೆಯ ಸಲ ಆಕೆ ಮಗುವನ್ನೆತ್ತಿಕೊಂಡು, ಕಾಲಿಗೆ ಚಪ್ಪಲಿಯೂ ಇಲ್ಲದೆ, ನಡುರಾತ್ರಿಯಲ್ಲಿ ಬಾಗಿಲು ತಟ್ಟಿದಳು. ಕತ್ತಿನ ಸುತ್ತ ಬೆರಳಿನ ಗುರುತುಗಳಿದ್ದವು. ಬೆಳಿಗ್ಗೆ ಕಮಿಟಿಯ ಹಿರಿಯರೊಬ್ಬರ ಫೋನು: "ಜುಮಾ ಆದ ಮೇಲೆ ಇಬ್ಬರನ್ನೂ ಕೂರಿಸಿ ಮಾತಾಡೋಣ. ಮಗಳಿಗೆ ಸ್ವಲ್ಪ ಸಬರ್ ಮಾಡಲು ಹೇಳಿ. ಪೊಲೀಸು, ಕೋರ್ಟು ಎಂದು ಹೊರಟರೆ ಸಮುದಾಯದ ಮಾನ ಹೋಗುತ್ತದೆ."

ತಂದೆಯ ಪ್ರಶ್ನೆ ಇಷ್ಟೇ: ಠಾಣೆಗೆ ಹೋದರೆ ನಾನು ದೀನ್‌ಗೆ ವಿರುದ್ಧವಾಗಿ ನಡೆದಂತಾಗುತ್ತದೆಯೇ?

ಇಲ್ಲವೆಂದು ಅವರಿಗೆ ಆ ದಿನವೇ ಉತ್ತರಿಸಿದೆವು. ಆದರೆ ಮಗಳ ಕತ್ತಿನ ಮೇಲೆ ಗುರುತುಗಳನ್ನು ಕಂಡ ಒಬ್ಬ ತಂದೆಯ ಮನಸ್ಸಿನಲ್ಲಿ ಇಂತಹ ಪ್ರಶ್ನೆ ಹುಟ್ಟಿದ್ದಾದರೂ ಹೇಗೆ? ಅದನ್ನು ಹುಟ್ಟಿಸಿದವರು ನಾವು. ನಮ್ಮ ಮಿಂಬರ್‌ಗಳು, ನಮ್ಮ ಕಮಿಟಿಗಳು, ಮತ್ತು ಮುಚ್ಚುಮರೆಯೇಕೆ, ನಮ್ಮಂತಹ ಪತ್ರಿಕೆಗಳು ಕೂಡ. ಮಾದರಿ ಪತ್ನಿಯ ಗುಣಗಳ ಬಗ್ಗೆ ನಾವು ಪ್ರಕಟಿಸಿದಷ್ಟು ಲೇಖನಗಳನ್ನು ಮಾದರಿ ಪತಿಯ ಗುಣಗಳ ಬಗ್ಗೆ ಪ್ರಕಟಿಸಿದ್ದೇವೆಯೇ?

ಸಬರ್ ಎಂಬ ಪದಕ್ಕೆ ಕುರ್‌ಆನಿನಲ್ಲಿ ಎಷ್ಟು ದೊಡ್ಡ ಸ್ಥಾನವಿದೆಯೆಂಬುದು ನಮಗೆಲ್ಲ ತಿಳಿದಿದೆ. ಸತ್ಯದ ದಾರಿಯಲ್ಲಿ ಸ್ಥಿರವಾಗಿ ನಿಲ್ಲುವುದಕ್ಕೆ ಸಬರ್ ಎನ್ನುತ್ತಾರೆ. ದೌರ್ಜನ್ಯದ ಮುಂದೆ ಬೆನ್ನು ಕೊಟ್ಟು ಕೂರುವುದಕ್ಕೆ ಆ ಹೆಸರನ್ನು ಇಟ್ಟವರು ಯಾರು? ಮಕ್ಕಾದಲ್ಲಿ ಹಿಂಸೆಗೊಳಗಾದ ಮುಸ್ಲಿಮರಿಗೆ ಪ್ರವಾದಿ(ಸ) ಸಹಿಸಿಕೊಂಡು ಅಲ್ಲಿಯೇ ಇರಿ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ, ಅವರನ್ನು ಅಬಿಸೀನಿಯಕ್ಕೆ ಕಳುಹಿಸಿದರು. ಅಲ್ಲಿ ಆಳುತ್ತಿದ್ದವನು ಕ್ರೈಸ್ತ ದೊರೆ. ನ್ಯಾಯ ಸಿಗುವ ಕಡೆಗೆ, ಮುಸ್ಲಿಮೇತರನ ಬಳಿಗಾದರೂ ಸರಿ, ಹೋಗಿ ಆಶ್ರಯ ಪಡೆಯುವುದು ನಮ್ಮ ಇತಿಹಾಸದ ಮೊದಲ ಅಧ್ಯಾಯಗಳಲ್ಲೇ ಇದೆ. ಹಾಗಿರುವಾಗ ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳು ದೀನ್‌ನ ಗೆರೆ ದಾಟಿದಳೆಂದು ಹೇಳುವುದಕ್ಕೆ ಆಧಾರವೇನಿದೆ?

ಸಾಬಿತ್ ಬಿನ್ ಕೈಸ್(ರ)ರ ಪತ್ನಿಯ ಘಟನೆಯನ್ನು ಖುಲಾದ ಬಗ್ಗೆ ಮಾತಾಡುವಾಗಲೆಲ್ಲ ನಮ್ಮ ವಿದ್ವಾಂಸರು ಉಲ್ಲೇಖಿಸುತ್ತಾರೆ. ಆದರೆ ಅಬೂದಾವೂದ್‌ನಲ್ಲಿರುವ ವರದಿಯನ್ನು ಪೂರ್ತಿಯಾಗಿ ಹೇಳುವವರು ವಿರಳ. ಅದರ ಪ್ರಕಾರ ಹಬೀಬಾ ಬಿಂತ್ ಸಹ್ಲ್(ರ) ಅವರನ್ನು ಪತಿ ಹೊಡೆದು ಗಾಯಗೊಳಿಸಿದ್ದರು. ಮುಂಜಾನೆಯ ಹೊತ್ತಿಗೇ ಆಕೆ ಪ್ರವಾದಿಯವರ(ಸ) ಬಾಗಿಲಿಗೆ ಬಂದರು. ಪ್ರವಾದಿ(ಸ) ಸಾಬಿತ್‌ರನ್ನು ಕರೆಸಿ, ಮಹರ್ ಆಗಿ ಕೊಟ್ಟಿದ್ದ ತೋಟಗಳನ್ನು ಮರಳಿ ಪಡೆದು ಆಕೆಯಿಂದ ಬೇರ್ಪಡುವಂತೆ ಸೂಚಿಸಿದರು. ಮುಚ್ಚಳಿಕೆ ಇಲ್ಲ, ಇನ್ನೊಂದು ಅವಕಾಶವಿಲ್ಲ, ಮೂರು ಜುಮಾ ಕಾಯಿರಿ ಎಂಬ ಮಾತಿಲ್ಲ. ಸಾಬಿತ್‌ ಸಣ್ಣ ವ್ಯಕ್ತಿಯೇನಲ್ಲ, ಅನ್ಸಾರ್‌ಗಳ ಪ್ರಸಿದ್ಧ ವಾಗ್ಮಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಜಮಾಅತ್‌ಗೆ ಬೇಕಾದ ಮನುಷ್ಯ. ಆ ಗೌರವ ಅವರ ಪತ್ನಿಯ ದೂರಿಗೆ ಅಡ್ಡ ಬರಲಿಲ್ಲ.

ಸಂಧಾನದ ಮಾತಿಗೆ ಬರೋಣ. ಅನ್ನಿಸಾ ಅಧ್ಯಾಯದ 35ನೆಯ ಸೂಕ್ತ ಇಬ್ಬರು ಮಧ್ಯಸ್ಥರನ್ನು ನೇಮಿಸಲು ಹೇಳುತ್ತದೆ, ಒಬ್ಬರು ಗಂಡನ ಕಡೆಯಿಂದ, ಇನ್ನೊಬ್ಬರು ಹೆಂಡತಿಯ ಕಡೆಯಿಂದ. ಅಂದರೆ ಆಕೆಯ ಪರವಾಗಿ ಮಾತಾಡುವವರೊಬ್ಬರು ಅಲ್ಲಿ ಇರಲೇಬೇಕು. ನಮ್ಮ ಕಮಿಟಿಯ ಕೋಣೆಯಲ್ಲಿ ನಡೆಯುವುದು ಅದೇಯೇ? ಹನ್ನೊಂದು ಮಂದಿ ಗಂಡಸರು ಸುತ್ತ ಕೂತಿರುತ್ತಾರೆ. ಅವರಲ್ಲಿ ಗಂಡನ ಪಾಲುದಾರನೊಬ್ಬ, ಅವನ ಅಂಗಡಿಯ ಬಾಡಿಗೆದಾರನೊಬ್ಬ. ಬಾಗಿಲ ಬಳಿ ಬುರ್ಖಾದೊಳಗೆ ನಡುಗುತ್ತ ನಿಂತ ಹುಡುಗಿ, ಎದುರಿಗೆ ಹಿಂದಿನ ರಾತ್ರಿ ಆಕೆಯನ್ನು ಹೊಡೆದವನು. ಏನಾಯಿತು ಹೇಳಮ್ಮಾ ಎಂದರೆ ಆಕೆ ಏನನ್ನು ಹೇಳಿಯಾಳು? ಏನೂ ಹೇಳದಿದ್ದರೆ ವಿಷಯ ಅಷ್ಟು ಗಂಭೀರವಲ್ಲವೆಂದು ತೀರ್ಮಾನ. ಹೇಳಿದರೆ ಬಾಯಿ ಜೋರು ಎಂಬ ಹಣೆಪಟ್ಟಿ.

ಬರೀರಾ(ರ) ಮತ್ತು ಮುಗೀಸ್(ರ)ರ ಘಟನೆ ಬುಖಾರಿಯಲ್ಲಿದೆ. ಬರೀರಾ ಪತಿಯಿಂದ ಬೇರ್ಪಟ್ಟರು. ಆತ ಅಳುತ್ತ ಆಕೆಯ ಹಿಂದೆ ಮದೀನದ ಬೀದಿಗಳಲ್ಲಿ ಅಲೆಯುತ್ತಿದ್ದರು. ಕನಿಕರಗೊಂಡ ಪ್ರವಾದಿ(ಸ) ಮರಳಿ ಸ್ವೀಕರಿಸಬಹುದಲ್ಲವೇ ಎಂದು ಬರೀರಾರಲ್ಲಿ ಕೇಳಿದರು. ಇದು ಆಜ್ಞೆಯೇ ಎಂದು ಆಕೆ ವಿಚಾರಿಸಿದರು. ಅಲ್ಲ, ಶಿಫಾರಸು ಮಾತ್ರ ಎಂದಾಗ, ನನಗೆ ಆತನ ಅಗತ್ಯವಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಪ್ರವಾದಿ(ಸ) ಅದನ್ನು ಒಪ್ಪಿಕೊಂಡರು. ಅಲ್ಲಾಹನ ಸಂದೇಶವಾಹಕರ ಸಂಧಾನವನ್ನೇ ತಿರಸ್ಕರಿಸುವ ಸ್ವಾತಂತ್ರ್ಯ ಒಬ್ಬ ವಿಮುಕ್ತ ದಾಸಿಗಿತ್ತು. ನಮ್ಮ ಮೊಹಲ್ಲಾದ ಸೆಕ್ರೆಟರಿ ಸಾಹೇಬರ ಸಂಧಾನವನ್ನು ತಿರಸ್ಕರಿಸುವ ಸ್ವಾತಂತ್ರ್ಯ ನಮ್ಮ ಹೆಣ್ಣುಮಕ್ಕಳಿಗೆ ಇಲ್ಲ!

ಇಷ್ಟು ಹೇಳಿದಾಗ ಒಬ್ಬರಾದರೂ ಎದ್ದು ಅನ್ನಿಸಾದ 34ನೆಯ ಸೂಕ್ತವನ್ನು ಮುಂದಿಡುತ್ತಾರೆ. ಆ ಸೂಕ್ತವನ್ನು ಹೊಡೆಯುವ ಪರವಾನಗಿಯಂತೆ ಜೇಬಿನಲ್ಲಿಟ್ಟುಕೊಂಡು ತಿರುಗುವವರಿಗೆ, ಅದನ್ನು ಯಾರ ಮೇಲೆ ಅವತೀರ್ಣಗೊಳಿಸಲಾಯಿತೋ ಆ ಪ್ರವಾದಿ(ಸ) ತಮ್ಮ ಜೀವನದಲ್ಲಿ ಯಾವ ಸ್ತ್ರೀಯ ಮೇಲೂ, ಯಾವ ಸೇವಕನ ಮೇಲೂ ಕೈಯೆತ್ತಲಿಲ್ಲವೆಂಬ ಆಯಿಶಾ(ರ)ರ ಸಾಕ್ಷ್ಯ ನೆನಪಿರುವುದಿಲ್ಲ. ತಾಬಿಈಗಳಲ್ಲಿ ಮಕ್ಕಾದ ಅಗ್ರಗಣ್ಯ ವಿದ್ವಾಂಸರಾಗಿದ್ದ ಅತಾ ಬಿನ್ ಅಬೀ ರಬಾಹ್, ಪತಿ ಸಿಟ್ಟು ತೋರಿಸಬಹುದೇ ಹೊರತು ಹೊಡೆಯಬಾರದು ಎಂಬ ಅಭಿಪ್ರಾಯ ಹೊಂದಿದ್ದರು. ಗಾಯಗೊಳಿಸುವ ಹೊಡೆತವನ್ನಂತೂ ಯಾವ ಮದ್‌ಹಬ್ ಕೂಡ ಅನುಮತಿಸಿಲ್ಲ. ಕತ್ತು ಹಿಸುಕುವವನು ಯಾವ ಸೂಕ್ತವನ್ನು ಅನುಸರಿಸುತ್ತಿದ್ದಾನೆ? ಅಲ್‌ಬಕರದ 231ನೆಯ ಸೂಕ್ತವಾದರೋ, ಹಿಂಸಿಸುವುದಕ್ಕಾಗಿ ಪತ್ನಿಯರನ್ನು ಹಿಡಿದಿಟ್ಟುಕೊಳ್ಳುವುದನ್ನೇ ನಿಷೇಧಿಸುತ್ತದೆ. ಆ ನಿಷೇಧವನ್ನು ಮುರಿಯುವವನಿಗೆ ನಮ್ಮ ಕಮಿಟಿಗಳು ಮತ್ತೆ ಮತ್ತೆ ಪತ್ನಿಯನ್ನು ಒಪ್ಪಿಸುತ್ತಿವೆ.

ಈಗ ನಾವು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇವೆ. ಹಿಂಸಿಸುವ ಗಂಡನ ಮನೆಯಲ್ಲಿ ಹೆಣ್ಣಿಗೆ ಅತ್ಯಂತ ಅಪಾಯದ ಗಳಿಗೆ ಯಾವುದು? ಆಕೆ ಆ ಮನೆಯನ್ನು ಬಿಡುವ ಗಳಿಗೆ ಮತ್ತು ಬಿಟ್ಟ ನಂತರದ ಕೆಲವು ವಾರಗಳು. ಅಲ್ಲಿಯ ತನಕ ಆಕೆ ತನ್ನ ಅಂಕೆಯಲ್ಲಿದ್ದಾಳೆಂಬ ಭಾವನೆ ಅವನಿಗಿರುತ್ತದೆ. ಅದು ಕೈತಪ್ಪುತ್ತಿದೆಯೆಂದು ತಿಳಿದಾಗ ಅವನು ಮೊದಲಿಗಿಂತ ಕ್ರೂರನಾಗಬಲ್ಲ. ಕೊಲ್ಲುತ್ತೇನೆಂದು ಬೆದರಿಸುವುದು, ಚಾಕು ತೋರಿಸುವುದು, ಹಿಂಬಾಲಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಕತ್ತು ಹಿಸುಕುವುದು, ಇವು ಪ್ರಾಣಾಪಾಯದ ಸೂಚನೆಗಳು. ಒಮ್ಮೆ ಕತ್ತು ಹಿಸುಕಿದವನ ಕೈಯಲ್ಲೇ ಮುಂದೆ ಕೊಲೆಯಾಗುವ ಸಾಧ್ಯತೆ ಹಲವು ಪಟ್ಟು ಹೆಚ್ಚೆಂದು ಈ ವಿಷಯದ ಅಧ್ಯಯನಗಳು ತೋರಿಸಿವೆ. ಇಂತಹ ಹೊತ್ತಿನಲ್ಲಿ ನಮ್ಮ ಕಮಿಟಿ ಮಾಡುವ ಮೊದಲ ಕೆಲಸವೇನು? ಗಂಡನಿಗೆ ಫೋನು ಮಾಡಿ, ನಿನ್ನ ಹೆಂಡತಿ ದೂರು ಕೊಟ್ಟಿದ್ದಾಳೆ, ತವರಿನಲ್ಲಿದ್ದಾಳೆ, ಶುಕ್ರವಾರ ಬಾ ಎನ್ನುವುದು! ಒಳ್ಳೆಯ ಉದ್ದೇಶದಿಂದಲೇ ಮಾಡುತ್ತಾರೆ, ಸಂಶಯವಿಲ್ಲ. ಆದರೆ ಅದರ ಪರಿಣಾಮವನ್ನು ಅನುಭವಿಸುವವಳು ಆಕೆ.

ಆದ್ದರಿಂದ ಹಿಂಸೆಯ ಮನೆಯನ್ನು ಬಿಡುವ ನಿರ್ಧಾರ ಮಾಡಿದ ಸಹೋದರಿಯರಿಗೆ ನಾವು ಹೇಳುವುದೇನೆಂದರೆ, ಹೊರಡುವೆನೆಂದು ಸಿಟ್ಟಿನಲ್ಲಿ ಅವನಿಗೆ ಹೇಳಬೇಡಿ. ನಂಬಿಕಸ್ಥರಾದ ಒಬ್ಬಿಬ್ಬರಿಗೆ ಮಾತ್ರ ತಿಳಿದಿರಲಿ. ತಾಯಿಯಾಗಲಿ, ಅಕ್ಕನಾಗಲಿ, ಪಕ್ಕದ ಮನೆಯ ಹಿಂದೂ ಅಥವಾ ಕ್ರೈಸ್ತ ಸೋದರಿಯಾಗಲಿ. ಅವರ ಜೊತೆ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಿ. ಫೋನಿನಲ್ಲಿ ಆ ಮಾತು ಕೇಳಿದೊಡನೆ ಅವರು ಪೊಲೀಸರಿಗೆ ಕರೆ ಮಾಡಬೇಕು. ಆಧಾರ್, ರೇಶನ್ ಕಾರ್ಡು, ನಿಕಾಹ್ ದಾಖಲೆ, ಬ್ಯಾಂಕ್ ಪುಸ್ತಕ, ಮಕ್ಕಳ ಜನನ ಪತ್ರ ಮತ್ತು ಶಾಲೆಯ ಕಾಗದಗಳು, ಪಾಸ್‌ಪೋರ್ಟ್ ಇದ್ದರೆ ಅದು, ಇವುಗಳ ನಕಲುಗಳನ್ನಾದರೂ ಮೊದಲೇ ಬೇರೆ ಕಡೆ ಇಡಿ. ಚಿನ್ನ ನಿಮ್ಮದು, ಮಹರ್ ನಿಮ್ಮದು, ಆದರೆ ಅವುಗಳಿಗಾಗಿ ಜೀವವನ್ನು ಪಣಕ್ಕಿಡಬೇಡಿ, ನಂತರ ಕೋರ್ಟಿನ ಮೂಲಕ ಕೇಳಬಹುದು.

ಮೊಬೈಲನ್ನು ಮರೆಯಬೇಡಿ. ಅದೇ ಫೋನು ನೀವೆಲ್ಲಿದ್ದೀರೆಂಬ ಸುದ್ದಿಯನ್ನೂ ಅವನಿಗೆ ಮುಟ್ಟಿಸಬಲ್ಲದು. ಸ್ಥಳ ತೋರಿಸುವ ವ್ಯವಸ್ಥೆಯನ್ನು ನಿಲ್ಲಿಸಿ, ಪಾಸ್‌ವರ್ಡ್‌ಗಳನ್ನು ಬದಲಿಸಿ, ನಿಮ್ಮ ವಾಟ್ಸ್‌ಆ್ಯಪ್ ಅವನ ಕಂಪ್ಯೂಟರಿನಲ್ಲಿ ತೆರೆದಿದೆಯೇ ಎಂದು ನೋಡಿ. ಆದರೆ ಇವನ್ನೆಲ್ಲ ಮುಂಚಿತವಾಗಿ ಮಾಡಿದರೆ ಅವನಿಗೆ ಸಂಶಯ ಬರಬಹುದು, ಹೊರಟ ಮೇಲೆ ಮಾಡುವುದು ಲೇಸು. ಕುಟುಂಬದ ಗ್ರೂಪಿನಲ್ಲಿ ಕ್ಷೇಮ ಸಮಾಚಾರ ಹಾಕುವ ಉಮೇದು ಅಣ್ಣತಮ್ಮಂದಿರಿಗೂ ಬೇಡ. ಒಂದೇ ಒಂದು ಸಲ ಬಂದು ಮಾತಾಡಿ ಹೋಗು ಎಂದು ಗಂಡ ಕರೆದರೆ ಒಂಟಿಯಾಗಿ ಹೋಗಲೇಬೇಡಿ. ಎಷ್ಟೋ ದುರಂತಗಳು ಆ ಕೊನೆಯ ಭೇಟಿಯಲ್ಲೇ ನಡೆದಿವೆ.

ಪೆಟ್ಟಾಗಿದ್ದರೆ ಆಸ್ಪತ್ರೆಗೆ ಹೋಗಿ ನಿಜ ಹೇಳಿ. ನಮ್ಮ ಎಷ್ಟು ಮಂದಿ ಸಹೋದರಿಯರು ಮೆಟ್ಟಿಲಿನಿಂದ ಬಿದ್ದೆ, ಬಚ್ಚಲಲ್ಲಿ ಜಾರಿದೆ ಎಂದು ವೈದ್ಯರ ಮುಂದೆ ಸುಳ್ಳು ಹೇಳಿಲ್ಲ? ಮುಂದೆ ಮ್ಯಾಜಿಸ್ಟ್ರೇಟರ ಮುಂದೆ ಆ ಚೀಟಿಯೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಕತ್ತು ಹಿಸುಕಿದ್ದರೆ ಹೊರಗೆ ಗುರುತು ಕಾಣದಿದ್ದರೂ, ಮಾತಾಡಲು ಆಗುತ್ತಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಒಳಗಿನ ಬಾವು ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಾಲ ಇದಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. 'ಸಖಿ' ಹೆಸರಿನ ಒನ್ ಸ್ಟಾಪ್ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಅಲ್ಲಿ ತಾತ್ಕಾಲಿಕ ವಸತಿ, ಚಿಕಿತ್ಸೆಗೆ ನೆರವು, ಕಾನೂನು ಸಲಹೆ ಒಂದೇ ಸೂರಿನಡಿ ಸಿಗಬೇಕೆಂಬುದು ಯೋಜನೆ. ಮಹಿಳೆಯರು ಆದಾಯವೆಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತಾಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ದೂರವಾಣಿ 15100. 2023ರ ಜೂನ್ 11ರಂದು ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆಯನ್ನು ಗೇಲಿ ಮಾಡಿದವರು ಬಹಳ. ಆದರೆ ಕೈಯಲ್ಲಿ ಬಿಡಿಗಾಸಿಲ್ಲದೆ ಓಡಿಬಂದ ಹೆಣ್ಣು ಗುರುತಿನ ಚೀಟಿ ತೋರಿಸಿ ಸರಕಾರಿ ಬಸ್ಸು ಹತ್ತಿ ತವರು ಸೇರಬಹುದೆಂಬುದು ಗೇಲಿಯ ವಿಷಯವಲ್ಲ. ಕರಾವಳಿಯ ಖಾಸಗಿ ಬಸ್ಸುಗಳಲ್ಲಿ ಆ ಸೌಲಭ್ಯವಿಲ್ಲ, ಆದ್ದರಿಂದ ಅಲ್ಲಿಯವರು ಸ್ವಲ್ಪ ಹಣವನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.

2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಇದು ಶರೀಅತ್‌ನಲ್ಲಿ ಹಸ್ತಕ್ಷೇಪವೆಂಬ ಗುಸುಗುಸು ನಮ್ಮಲ್ಲಿದೆ. ಕಾಯ್ದೆಯನ್ನು ಓದಿದವರು ಹಾಗೆ ಹೇಳಲಾರರು. ಅದು ನಿಕಾಹನ್ನು ಮುರಿಯುವುದಿಲ್ಲ, ತಲಾಕಿನ ವಿಷಯಕ್ಕೆ ಬರುವುದಿಲ್ಲ. ಹೊಡೆಯಬೇಡ, ಹತ್ತಿರ ಸುಳಿಯಬೇಡ, ಮನೆಯಿಂದ ಹೊರಹಾಕಬೇಡ, ಖರ್ಚಿಗೆ ಕೊಡು, ಇಷ್ಟನ್ನು ಗಂಡನಿಗೆ ಆದೇಶಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಡುತ್ತದೆ. ಇದರಲ್ಲಿ ಶರೀಅತ್‌ಗೆ ವಿರುದ್ಧವಾದುದು ಯಾವುದು? ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಹೋಗಬೇಕಾಗಿಲ್ಲ. ಸಾಮಾನ್ಯವಾಗಿ ಮೂರು ದಿನಗಳೊಳಗೆ ಮೊದಲ ವಿಚಾರಣೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ, ಎದುರು ಪಕ್ಷದ ಗೈರುಹಾಜರಿಯಲ್ಲೂ ಮಧ್ಯಂತರ ಆದೇಶ ಕೊಡಬಹುದು. ರಕ್ಷಣಾ ಆದೇಶವನ್ನು ಉಲ್ಲಂಘಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಗಂಡನ ಕ್ರೌರ್ಯವನ್ನು ಅಪರಾಧವೆಂದು ಹೇಳುತ್ತಿದ್ದ ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿ ಮುಂದುವರಿದಿದೆ. ಇವುಗಳಲ್ಲಿ ಯಾವುದಕ್ಕೂ ಜಮಾಅತ್‌ನ ಒಪ್ಪಿಗೆ ಪತ್ರ ಬೇಕಾಗಿಲ್ಲ. ಮೊದಲು ಕಮಿಟಿಗೆ ಬರಬೇಕಿತ್ತು ಎಂದು ಗದರಿಸುವ ಅಧಿಕಾರ ಯಾರಿಗೂ ಇಲ್ಲ.

ಕೆಲವರು ಸುಳ್ಳು ಕೇಸುಗಳ ಮಾತೆತ್ತುತ್ತಾರೆ. ಸುಳ್ಳು ಕೇಸುಗಳಿವೆ. ದೂರದ ಊರಿನಲ್ಲಿ ಮದುವೆಯಾಗಿ ಹೋದ ನಾದಿನಿಯ ಹೆಸರನ್ನೂ, ಹಾಸಿಗೆ ಹಿಡಿದ ಮಾವನ ಹೆಸರನ್ನೂ ದೂರಿನಲ್ಲಿ ಸೇರಿಸುವವರಿದ್ದಾರೆ. ಅದು ಮಹಾಪಾಪ, ಅದರಿಂದ ನಿಜವಾದ ಸಂತ್ರಸ್ತೆಯ ಪ್ರಕರಣವೂ ದುರ್ಬಲವಾಗುತ್ತದೆ. ನಡೆದುದನ್ನು ನಡೆದ ಹಾಗೆ ಬರೆಸಿ ಎಂಬುದೇ ಇದಕ್ಕೆ ಮದ್ದು. ಸುಳ್ಳು ಹೇಳುವವರಿದ್ದಾರೆಂದು ನಿಜ ಹೇಳುವವಳ ಬಾಯಿ ಮುಚ್ಚಿಸುವುದು ನ್ಯಾಯವೇ?

ಇನ್ನು ಆ 'ಸಮುದಾಯದ ಮಾನ'ದ ವಿಷಯ. ಇದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮುಸ್ಲಿಮ್ ಮಹಿಳೆಯ ಕಣ್ಣೀರನ್ನು ಟಿ.ವಿ. ಚಾನೆಲ್‌ಗಳು ಹೇಗೆ ಮಾರಾಟ ಮಾಡುತ್ತವೆಂಬುದನ್ನು ನಾವು ಕಂಡಿದ್ದೇವೆ. ಒಂದೇ ಉಸಿರಿನ ಮೂರು ತಲಾಕ್ ಅಸಿಂಧುವೆಂದು ಸುಪ್ರೀಮ್ ಕೋರ್ಟ್ 2017ರಲ್ಲೇ ಹೇಳಿದ ಮೇಲೂ 2019ರಲ್ಲಿ ಕೇಂದ್ರ ಸರಕಾರ ಅದಕ್ಕೆ ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯ ಕಾಯ್ದೆ ತಂದಿತು. ಗಂಡ ಜೈಲಿನಲ್ಲಿರುವಾಗ ಜೀವನಾಂಶ ಕೊಡುವವರು ಯಾರೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಮುಸ್ಲಿಮ್ ಸೋದರಿಯರ ಬಗ್ಗೆ ಅಷ್ಟು ಕಾಳಜಿ ತೋರಿದ ಪಕ್ಷದ ಗುಜರಾತ್ ಸರಕಾರವೇ 2022ರ ಆಗಸ್ಟ್ 15ರಂದು ಬಿಲ್ಕೀಸ್ ಬಾನು ಪ್ರಕರಣದ 11 ಮಂದಿ ಅಪರಾಧಿಗಳನ್ನು ಬಿಡುಗಡೆ ಮಾಡಿತು. 2024ರ ಜನವರಿ 8ರಂದು ಸುಪ್ರೀಮ್ ಕೋರ್ಟ್ ಅದನ್ನು ರದ್ದುಪಡಿಸಬೇಕಾಯಿತು. ತಲಾಕ್ ಎಂಬ ಶಬ್ದದ ಮೇಲೆ ಇಷ್ಟು ರಾಜಕೀಯ ನಡೆಸಿದವರು, ತಲಾಕ್ ಹೇಳದೆ, ಬಿಡುಗಡೆಯನ್ನೂ ಕೊಡದೆ, ದಿನಾ ಹೊಡೆಯುವವನಿಂದ ಆಕೆಯನ್ನು ರಕ್ಷಿಸಬೇಕಾದ ವ್ಯವಸ್ಥೆಯನ್ನು ಬಲಪಡಿಸಿದರೇ? ಕರ್ನಾಟಕದಲ್ಲಿ ರಕ್ಷಣಾಧಿಕಾರಿಯ ಹೊಣೆ ಹೊತ್ತವರು ಅಂಗನವಾಡಿಗಳ ಉಸ್ತುವಾರಿ ನೋಡುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ನೂರಾರು ಅಂಗನವಾಡಿಗಳ ನಡುವೆ ಅವರಿಗೆ ಈ ಕೆಲಸಕ್ಕೆ ಎಷ್ಟು ಹೊತ್ತು ಉಳಿದೀತು? ಇದರಲ್ಲಿ ಯಾವ ಪಕ್ಷದ ಸರಕಾರವೂ ನಿರ್ದೋಷಿಯಲ್ಲ.

ಇದೆಲ್ಲ ಸರಿ. ಆದರೆ ಬೀದಿಯಲ್ಲಿ ಶತ್ರು ನಿಂತಿದ್ದಾನೆಂದು ಮನೆಯೊಳಗೆ ಹತ್ತಿದ ಬೆಂಕಿಯನ್ನು ನಂದಿಸದೆ ಬಾಗಿಲು ಹಾಕಿಕೊಂಡು ಕೂರುವುದೇ? ನಮ್ಮ ಹೆಣ್ಣುಮಗಳು ಸತ್ತ ಮೇಲೆ ಚಾನೆಲ್‌ನವರು ಹೇಗೂ ಬರುತ್ತಾರೆ. ಆಗ ಹೋಗುವ ಮಾನ, ಆಕೆ ಬದುಕಿರುವಾಗ ದೂರು ಕೊಟ್ಟರೆ ಹೋಗುವ ಮಾನಕ್ಕಿಂತ ಕಡಿಮೆಯೇ? 2016ರಲ್ಲಿ ಕಾನೂನು ಆಯೋಗದ ಪ್ರಶ್ನಾವಳಿಯ ವಿರುದ್ಧ ವೈಯಕ್ತಿಕ ಕಾನೂನಿನ ರಕ್ಷಣೆಗಾಗಿ ದೇಶವ್ಯಾಪಿ ಸಹಿ ಸಂಗ್ರಹ ನಡೆಯಿತು. ಮನೆ ಮನೆಗೆ ಹೋದಾಗ ಸ್ತ್ರೀಯರೂ ಸಹಿ ಹಾಕಿದರು, ಏಟು ತಿನ್ನುತ್ತಿದ್ದವರೂ ಹಾಕಿರುತ್ತಾರೆ. ಅವರ ಸಹಿಯನ್ನು ಪಡೆದುಕೊಂಡ ನಾವು, ಆ ವೈಯಕ್ತಿಕ ಕಾನೂನಿನಲ್ಲಿ ಅವರಿಗಿರುವ ಬಿಡುಗಡೆಯ ಹಕ್ಕನ್ನು ತಿಳಿಸಲು ಎಷ್ಟು ಮನೆಗಳಿಗೆ ಮರಳಿ ಹೋಗಿದ್ದೇವೆ?

ಆ ಹಕ್ಕಿಗೆ ಇಲ್ಲಿಯೇ ಒಂದು ಇತಿಹಾಸವಿದೆ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ, ಕ್ರೂರ ಗಂಡಂದಿರಿಂದ ಬಿಡುಗಡೆಯ ಬೇರೆ ದಾರಿ ಕಾಣದ ಕೆಲವು ಹನಫಿ ಮಹಿಳೆಯರು ಇಸ್ಲಾಮನ್ನೇ ತೊರೆಯತೊಡಗಿದ್ದರು. ಆಗ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಆ ಹೆಣ್ಣುಮಕ್ಕಳನ್ನು ಶಪಿಸುತ್ತ ಕೂರಲಿಲ್ಲ. ಮಾಲಿಕಿ ಮದ್‌ಹಬ್‌ನ ತೀರ್ಪುಗಳ ಆಧಾರದಲ್ಲಿ ದಾರಿ ತೋರಿಸುವ ಗ್ರಂಥವನ್ನೇ ಸಿದ್ಧಪಡಿಸಿದರು. ಆ ಪ್ರಯತ್ನದ ಮುಂದುವರಿಕೆಯಾಗಿ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆ 1939ರಲ್ಲಿ ಬಂತು. ಗಂಡ ಎರಡು ವರ್ಷ ಖರ್ಚಿಗೆ ಕೊಡದಿದ್ದರೆ, ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಅಭ್ಯಾಸವಾಗಿ ಹೊಡೆಯುತ್ತಿದ್ದರೆ, ಹೊಡೆಯದಿದ್ದರೂ ಕ್ರೂರ ನಡತೆಯಿಂದ ಬದುಕನ್ನು ಅಸಹನೀಯಗೊಳಿಸಿದ್ದರೆ, ಆಕೆಯ ಆಸ್ತಿಯನ್ನು ಮಾರಿದರೆ, ನ್ಯಾಯಾಲಯದ ಮೂಲಕ ನಿಕಾಹನ್ನು ರದ್ದುಪಡಿಸಿಕೊಳ್ಳಬಹುದು. ಅಂದಿನ ಉಲಮಾಗಳಿಗೆ ಕಂಡ ಅಪಾಯ ಇಂದಿನ ಕಮಿಟಿಗಳಿಗೆ ಕಾಣುತ್ತಿಲ್ಲ. ಖುಲಾ ಕೇಳಿದವಳನ್ನು ತಿಂಗಳುಗಟ್ಟಲೆ ಅಲೆದಾಡಿಸಿ, ಗಂಡ ಒಪ್ಪುವುದಿಲ್ಲ ಎಂದು ಕೈಚೆಲ್ಲುತ್ತಾರೆ. ವಿಚ್ಛೇದಿತ ಮುಸ್ಲಿಮ್ ಮಹಿಳೆಗೆ ಸಾಮಾನ್ಯ ಕಾನೂನಿನಡಿಯಲ್ಲೂ ಜೀವನಾಂಶ ಕೇಳುವ ಹಕ್ಕಿದೆಯೆಂದು ಸುಪ್ರೀಮ್ ಕೋರ್ಟ್ 2024ರ ಜುಲೈಯಲ್ಲಿ ಸ್ಪಷ್ಟಪಡಿಸಿದೆ. ಈ ತೀರ್ಪಿನ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಹೆಣ್ಣಿನ ಹೊಣೆಯನ್ನು ಕುಟುಂಬವೂ ಜಮಾಅತ್ತೂ ಹೊರುತ್ತಿದ್ದರೆ ಆಕೆ ಕೋರ್ಟಿಗೆ ಹೋಗುತ್ತಿದ್ದಳೇ?

ಕುಟುಂಬವೆಂದಾಗ ತವರಿನ ಮಾತು ಬರುತ್ತದೆ. ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯಲ್ಲಿ ಗಂಡನಿಂದ ನೊಂದು ತವರಿಗೆ ಬಂದ ಹೆಂಗಸನ್ನು ಅಣ್ಣಂದಿರೇ ಮರಳಿ ಗಂಡನ ಮನೆಗೆ ಬಿಟ್ಟು ಬರುತ್ತಾರೆ. ಆ ರಾತ್ರಿ ಆಕೆ ಸೀಮೆಎಣ್ಣೆಯ ಕ್ಯಾನಿನತ್ತ ಹೋಗುತ್ತಾಳೆ. 2025ರಲ್ಲಿ ಆ ಕಥೆಯ ಹೆಸರು ಹೊತ್ತ ಇಂಗ್ಲಿಷ್ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಪಟ್ಟಣಗಳಲ್ಲಿ ಅಭಿನಂದನೆಯ ಫ್ಲೆಕ್ಸ್‌ಗಳು ಎದ್ದವು. ಅಭಿನಂದಿಸಿದವರಲ್ಲಿ ಎಷ್ಟು ಮಂದಿ ಆ ಅಣ್ಣಂದಿರಲ್ಲಿ ತಮ್ಮ ಮುಖವನ್ನು ಕಂಡರು? ಲೇಖಕಿಯ ಎಲ್ಲ ನಿಲುವುಗಳನ್ನೂ ನಾವು ಒಪ್ಪಿದವರಲ್ಲ. ಆದರೆ ಆ ಅಣ್ಣಂದಿರು ಕಾಲ್ಪನಿಕರೆಂದು ಹೇಳುವ ಧೈರ್ಯ ನಮಗಿಲ್ಲ. ತಂಗಿ ಮನೆಗೆ ಬಂದು ಕೂತರೆ ಅತ್ತಿಗೆಯಂದಿರು ಮುನಿಯುತ್ತಾರೆ, ಇನ್ನೊಬ್ಬ ತಂಗಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ನೆಪಗಳ ಹಿಂದೆ ಇನ್ನೊಂದು ಭಯವಿದೆ. ಆಕೆ ಇಲ್ಲಿಯೇ ಉಳಿದರೆ ತಂದೆಯ ಆಸ್ತಿಯಲ್ಲಿ ತನ್ನ ಪಾಲು ಕೇಳಿಯಾಳು! ಆ ಪಾಲನ್ನು ನಿಗದಿಪಡಿಸಿದ್ದು ಅಲ್ಲಾಹನು. ಅದನ್ನು ಕೊಟ್ಟಿದ್ದರೆ ಆಕೆಗೆ ತನ್ನದೇ ಆದ ಒಂದು ಕೋಣೆಯಾದರೂ ಇರುತ್ತಿತ್ತು, ನಡುರಾತ್ರಿಯಲ್ಲಿ ಯಾರ ಬಾಗಿಲನ್ನೂ ತಟ್ಟಬೇಕಾಗಿರಲಿಲ್ಲ. ವರದಕ್ಷಿಣೆಯೆಂದು ಅಳಿಯನಿಗೆ ಸುರಿದು, ಪಾಲು ಅಲ್ಲಿಗೇ ಮುಗಿಯಿತೆಂದು ಕೈತೊಳೆದುಕೊಳ್ಳುತ್ತೇವೆ.

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದೊಳಗಿನ ಮದುವೆಯಾದ ಮಹಿಳೆಯರಲ್ಲಿ ಶೇ. 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ದೇಶದ ರಾಜ್ಯಗಳಲ್ಲೇ ಅದು ಅತಿ ಹೆಚ್ಚು. ಇದು ಎಲ್ಲ ಧರ್ಮದವರ ಲೆಕ್ಕ. ಮುಸ್ಲಿಮರದ್ದು ಮಾತ್ರವಲ್ಲವೆಂದು ಸಮಾಧಾನಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ. ಅದೇ ಸಮೀಕ್ಷೆಯಂತೆ ದೇಶದಲ್ಲಿ ಹಿಂಸೆಗೊಳಗಾದವರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ. ಉಳಿದವರು ಸಬರ್ ಮಾಡುತ್ತಿದ್ದಾರೆ!

ಜಮಾಅತ್‌ಗಳನ್ನು ಮುಚ್ಚಿಬಿಡಿ ಎಂದು ನಾವು ಹೇಳುತ್ತಿಲ್ಲ. ಅವುಗಳಿಂದ ಆಗುವಷ್ಟು ಸಹಾಯ ಬೇರೆ ಯಾರಿಂದಲೂ ಆಗದು, ಅದಕ್ಕಾಗಿಯೇ ಇಷ್ಟು ಕಟುವಾಗಿ ಬರೆಯುತ್ತಿದ್ದೇವೆ. ನಿಕಾಹ್ ರಿಜಿಸ್ಟರ್ ಇರುವುದು ಅವುಗಳ ಬಳಿ. ಅನೇಕ ಹೆಣ್ಣುಮಕ್ಕಳಿಗೆ ಮದುವೆಯ ಮುಖ್ಯ ದಾಖಲೆ ಅದುವೇ. ಗಂಡನ ಅನುಮತಿ ಕೇಳದೆ, ಆಕೆ ಕೇಳಿದ ದಿನವೇ ದೃಢೀಕೃತ ಪ್ರತಿ ಕೊಡುವ ನಿರ್ಣಯವನ್ನು ಪ್ರತಿ ಜಮಾಅತ್ ಕೈಗೊಳ್ಳಲಿ. ಹಿಂಸೆಯ ದೂರು ಬಂದರೆ ಸಂಧಾನದ ಸಭೆಯೇ ಬೇಡ, ಮೊದಲು ಆಸ್ಪತ್ರೆ, ಆಮೇಲೆ ಸುರಕ್ಷಿತ ತಾಣ. ದೂರು ಕೇಳಿಸಿಕೊಳ್ಳಲು ವಿದ್ಯಾವಂತ ಮಹಿಳೆಯರು ಇರಲಿ. ನಮ್ಮ ಮದ್ರಸಗಳ ಶಿಕ್ಷಕಿಯರಿಗೆ, ವಕೀಲೆಯರಿಗೆ, ವೈದ್ಯೆಯರಿಗೆ ಇಂದು ಕೊರತೆಯಿಲ್ಲ. ಊರೂರಿಗೆ ಶಾದಿ ಮಹಲ್ ಕಟ್ಟಿದ್ದೇವೆ. ಶಾದಿಯ ನಂತರ ಆಪತ್ತಿಗೊಳಗಾದವಳು ನಾಲ್ಕು ದಿನ ತಂಗಲು ಅದರಲ್ಲಿ ಒಂದು ಕೋಣೆಯಿಲ್ಲ. ನಿಕಾಹ್ ಕರಾರಿನಲ್ಲಿ ಷರತ್ತುಗಳನ್ನು ಬರೆಯಿಸಲು, ಹಿಂಸೆ ನಡೆದರೆ ಬಿಡುಗಡೆಯ ಅಧಿಕಾರ ಪತ್ನಿಗೇ ಇರುವಂತೆ ತಲಾಕೆ ತಫ್ವೀಝ್ ಸೇರಿಸಲು ಫಿಕ್‌ಹ್‌ನಲ್ಲಿ ಅವಕಾಶವಿದೆಯೆಂದು ನಿಕಾಹ್ ಓದಿಸುವ ಖತೀಬರು ಹೇಳಿಕೊಡಬಾರದೇ? ಸಂಬಂಧ ನೋಡುವಾಗ ವರನ ಕೈ ಮುಂದೆ ಬರುತ್ತದೆಯೆಂದು ತಿಳಿದಿದ್ದರೂ ಹೇಳದಿರುವುದಕ್ಕೆ 'ಗೀಬತ್ ಆಗುತ್ತದೆ' ಎಂಬ ಕಾರಣ ಕೊಡುವವರಿದ್ದಾರೆ. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಸಂಬಂಧಗಳ ಬಗ್ಗೆ ಕೇಳಿದಾಗ, ಒಬ್ಬರು ಹೊಡೆಯುವ ಸ್ವಭಾವದವರೆಂದು ಪ್ರವಾದಿ(ಸ) ಹೆಸರು ಹಿಡಿದೇ ಎಚ್ಚರಿಸಿದ್ದರು.

ಪತ್ರ ಬರೆದ ತಂದೆಗೆ ನಾವು ಬರೆದ ಉತ್ತರದಲ್ಲಿ ಇನ್ನೂ ಕೆಲವು ಮಾತುಗಳಿದ್ದವು. ಮಗಳನ್ನು ಇಂದೇ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕತ್ತಿನ ಗಾಯವನ್ನು ದಾಖಲಿಸಲು ಹೇಳಿ. ಅಲ್ಲಿಂದ ಠಾಣೆಗೆ ಹೋಗಿ, ದೂರಿನ ಪ್ರತಿ ಪಡೆದುಕೊಳ್ಳಿ. ಶುಕ್ರವಾರದ ಸಭೆಗೆ ಹೋಗಬೇಡಿ, ಮಗಳನ್ನಂತೂ ಕಳುಹಿಸಲೇಬೇಡಿ. ಕೆಲವು ದಿನ ಆಕೆಯನ್ನೂ ಮಗುವನ್ನೂ ಅಳಿಯನಿಗೆ ಗೊತ್ತಿಲ್ಲದ ಸಂಬಂಧಿಕರ ಮನೆಯಲ್ಲಿಡಿ. ಮಗಳು ಎಲ್ಲಿದ್ದಾಳೆಂದು ಕೇಳುವವರಿಗೆ ಕ್ಷೇಮವಾಗಿದ್ದಾಳೆ ಎಂದಷ್ಟೇ ಹೇಳಿ, ಕೇಳಿದವರು ಜಮಾಅತ್‌ನ ಅಧ್ಯಕ್ಷರೇ ಆಗಿದ್ದರೂ.